ಹೊಟ್ಟೆಪಾಡಿನ ಲೇಖನಿ: ಪ್ಯಾರಿಸ್ಸಿನಲ್ಲಿ ವಾಗ್ನರ್

1840ರ ನವೆಂಬರ್ ತಿಂಗಳಲ್ಲಿ ಪ್ಯಾರಿಸ್ಸಿನ ‘ರೆವ್ಯು ಎ ಗಜೆಟ್ ಮ್ಯೂಸಿಕಾಲ್’ ಎಂಬ ಸಂಗೀತ ಪತ್ರಿಕೆಯಲ್ಲಿ ಒಂದು ಬರಹ ಕಂತುಕಂತಾಗಿ ಬರತೊಡಗಿತು. ತಲೆಬರಹ ‘ಬೀಥೋವನ್ ಭೇಟಿ’. ಒಬ್ಬ ಬಡ ಜರ್ಮನ್ ಸಂಗೀತಗಾರ ತನ್ನ ಕತೆಯನ್ನು ತಾನೇ ಹೇಳಿಕೊಳ್ಳುವ ಧಾಟಿ. ತಾನು ಹೇಗೆ ಕಾಸು ಕೂಡಿಸಿದೆ, ಹೇಗೆ ಕಾಲ್ನಡಿಗೆಯಲ್ಲಿ ವಿಯೆನ್ನಾ ತಲುಪಿದೆ, ಆ ಮಹಾನುಭಾವನ ದರ್ಶನಕ್ಕಾಗಿ ಎಷ್ಟು ದಿನ ಕಾದೆ, ಕೊನೆಗೆ ಮನೆಯೊಳಗೆ ಹೋದಾಗ ಕಿವಿ ಕೇಳದ ಆ ಮನುಷ್ಯ ತನ್ನೊಡನೆ ಏನೇನು ಮಾತನಾಡಿದ ಎಂಬುದನ್ನೆಲ್ಲ ಆತ ಹೇಳುತ್ತಾ ಹೋಗುತ್ತಾನೆ. ಬೀಥೋವನ್ ತೀರಿಕೊಂಡು ಆಗ ಹದಿಮೂರು ವರ್ಷವಷ್ಟೇ ಆಗಿತ್ತು. ಆತನನ್ನು ಕಣ್ಣಾರೆ ಕಂಡವರು ಪ್ಯಾರಿಸ್ಸಿನಲ್ಲೂ ಇದ್ದರು. ಹೀಗಾಗಿ ಇದೂ ಒಂದು ನೆನಪಿನ ಬರಹವಿರಬೇಕೆಂದು ಯಾರಾದರೂ ನಂಬಿದ್ದರೆ ಅವರನ್ನು ದೂರುವಂತಿಲ್ಲ.

ಬರೆದವನು ಬೀಥೋವನನ್ನು ಕಂಡವನೇ ಅಲ್ಲ. 1827ರಲ್ಲಿ ಬೀಥೋವನ್ ಸತ್ತಾಗ ಆತನಿಗೆ ಹದಿನಾಲ್ಕು ತುಂಬಿರಲಿಲ್ಲ. ಇನ್ನೂ ಶಾಲೆಗೆ ಹೋಗುವ ಹುಡುಗ. ಈ ಕತೆ ಅಚ್ಚಾಗುವಾಗ ಆತನಿಗೆ ಇಪ್ಪತ್ತೇಳು ವರ್ಷ. ಹೆಂಡತಿಯ ಒಡವೆ, ಮದುವೆಯಲ್ಲಿ ಬಂದ ಉಡುಗೊರೆ ಎಲ್ಲವೂ ಗಿರವಿ ಅಂಗಡಿ ಸೇರಿದ್ದವು. ಪ್ಯಾರಿಸ್ಸಿಗೆ ಬಂದು ಒಂದು ವರ್ಷ ಕಳೆದಿದ್ದರೂ ಆತ ಬರೆದ ಒಂದೇ ಒಂದು ಒಪೆರಾ ಅಲ್ಲಿನ ರಂಗವೇರಿರಲಿಲ್ಲ. ಹೆಸರು ರಿಚರ್ಡ್ ವಾಗ್ನರ್.

ಪಾಶ್ಚಾತ್ಯ ಸಂಗೀತದ ಪರಿಚಯವಿಲ್ಲದವರೂ ಈ ಹೆಸರನ್ನು ಕೇಳಿರುತ್ತಾರೆ. ನಾಲ್ಕು ರಾತ್ರಿ ನಡೆಯುವ ‘ರಿಂಗ್’ ಒಪೆರಾಮಾಲೆ, ಅದಕ್ಕೆಂದೇ ಬೈರಾಯ್ಟ್‌ನಲ್ಲಿ ಕಟ್ಟಿಸಿದ ರಂಗಮಂದಿರ, ಬವೇರಿಯದ ದೊರೆಯ ಆಶ್ರಯ, ಯೆಹೂದಿ ದ್ವೇಷ, ಹಿಟ್ಲರನಿಗೆ ಆತನ ಸಂಗೀತದ ಮೇಲಿದ್ದ ಹುಚ್ಚು – ಇವೆಲ್ಲ ಆ ಹೆಸರಿಗೆ ಅಂಟಿಕೊಂಡೇ ಬರುತ್ತವೆ. ಆತ ಸಂಗೀತದ ಜೊತೆಗೆ ಸಂಪುಟಗಟ್ಟಲೆ ಗದ್ಯವನ್ನೂ ಬರೆದ. ಅದರಲ್ಲಿ ಬಹುಪಾಲು ಓದುವವನ ತಾಳ್ಮೆಯನ್ನು ಪರೀಕ್ಷಿಸುವಂಥದು. ವಾಕ್ಯ ಎಲ್ಲಿ ಹೊರಟಿತು, ಎಲ್ಲಿ ಸೇರಿತು ಎಂಬುದೇ ತಿಳಿಯುವುದಿಲ್ಲ. ಆದರೆ 1840ರಿಂದ 1842ರವರೆಗೆ ಪ್ಯಾರಿಸ್ಸಿನಲ್ಲಿ ಹೊಟ್ಟೆಪಾಡಿಗಾಗಿ ಬರೆದ ಕತೆ, ಲೇಖನಗಳ ಬಗೆಯೇ ಬೇರೆ. ಅವು ಚುರುಕಾಗಿವೆ, ನಗಿಸುತ್ತವೆ, ಕೆಲವೊಮ್ಮೆ ಗಂಟಲು ಕಟ್ಟುವಂತೆಯೂ ಮಾಡುತ್ತವೆ. ಮುಂದೆ ಆತನ ಸಂಗೀತ ಹಿಡಿಯಬೇಕಾಗಿದ್ದ ದಾರಿ ಮೊದಲು ಕಾಣಿಸಿಕೊಂಡದ್ದೂ ಈ ಕೂಲಿ ಬರಹಗಳಲ್ಲೇ.

ಬರವಣಿಗೆಯ ಗೀಳು ಆತನಿಗೆ ಹೊಸದೇನಾಗಿರಲಿಲ್ಲ. 1813ರಲ್ಲಿ ಲೈಪ್ಜಿಗ್‌ನಲ್ಲಿ ಹುಟ್ಟಿದ ಈ ಹುಡುಗನಿಗೆ ಸಂಗೀತಕ್ಕಿಂತ ಮೊದಲು ಹಿಡಿದದ್ದು ನಾಟಕದ ಹುಚ್ಚು. ಶಾಲೆಯಲ್ಲಿದ್ದಾಗ ಷೇಕ್ಸ್‌ಪಿಯರನನ್ನು ಮೀರಿಸುವ ಹಟದಿಂದ ‘ಲಾಯ್ಬಾಲ್ಡ್’ ಎಂಬ ದುರಂತ ನಾಟಕ ಬರೆದ. ಅದರಲ್ಲಿ ನಲವತ್ತೆರಡು ಮಂದಿ ಸಾಯುತ್ತಾರೆ, ಕೊನೆಯ ಅಂಕಕ್ಕೆ ಪಾತ್ರಗಳೇ ಉಳಿಯದೆ ಹಲವರನ್ನು ದೆವ್ವಗಳಾಗಿ ವಾಪಸು ಕರೆಸಬೇಕಾಯಿತು ಎಂದು ಮುಂದೆ ತಾನೇ ನಗುತ್ತಾ ಬರೆದುಕೊಂಡಿದ್ದಾನೆ. ಈ ಲೆಕ್ಕದಲ್ಲಿ ಸ್ವಲ್ಪ ಉತ್ಪ್ರೇಕ್ಷೆಯುಂಟು; ಹಸ್ತಪ್ರತಿಯಲ್ಲಿ ಅಷ್ಟು ಹೆಣಗಳಿಲ್ಲ. ಈ ನಾಟಕಕ್ಕೆ ಸಂಗೀತ ಹೊಂದಿಸಬೇಕೆಂಬ ಆಸೆಯಿಂದಲೇ ಹುಡುಗ ಸ್ವರಸಂಯೋಜನೆ ಕಲಿಯಲು ಹೊರಟ. ಎಂದರೆ ಆತನ ಪಾಲಿಗೆ ಮಾತು ಮೊದಲು, ಸಂಗೀತ ಆಮೇಲೆ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ, 1834ರಲ್ಲಿ, ಜರ್ಮನ್ ಒಪೆರಾಕಾರರ ಪಾಂಡಿತ್ಯದ ಭಾರವನ್ನು ಗೇಲಿ ಮಾಡಿ, ಇಟಲಿಯವರ ಸುಲಲಿತ ಗಾಯನವನ್ನು ಹೊಗಳಿ ಒಂದು ಲೇಖನ ಅಚ್ಚುಮಾಡಿಸಿದ. ಮುಂದೆ ಜರ್ಮನ್ ಸಂಗೀತದ ಧ್ವಜ ಹಿಡಿದವನ ಮೊದಲ ಲೇಖನ ಇದು ಎಂಬುದು ತಮಾಷೆ.

ಪ್ಯಾರಿಸ್ಸಿಗೆ ಬಂದ ಕತೆ ಒಂದು ಕಾದಂಬರಿಯಂತಿದೆ. 1837ರಿಂದ ಆತ ಆಗ ರಷ್ಯಾದ ಆಳ್ವಿಕೆಯಲ್ಲಿದ್ದ ರೀಗಾ ನಗರದ ನಾಟಕಶಾಲೆಯಲ್ಲಿ ವಾದ್ಯವೃಂದ ನಿರ್ದೇಶಕನಾಗಿದ್ದ. ಸಂಬಳಕ್ಕಿಂತ ಸಾಲ ಹೆಚ್ಚು. 1839ರ ಬೇಸಿಗೆಯಲ್ಲಿ ಕೆಲಸವೂ ಹೋಯಿತು. ಸಾಲಗಾರರ ಕಾಟದಿಂದ ಪಾಸ್‌ಪೋರ್ಟ್ ಸಿಗುವಂತಿರಲಿಲ್ಲ. ಹೆಂಡತಿ ಮಿನ್ನಾ ಮತ್ತು ರಾಬರ್ ಎಂಬ ಭಾರೀ ಗಾತ್ರದ ನ್ಯೂಫೌಂಡ್‌ಲೆಂಡ್ ನಾಯಿಯೊಡನೆ, ಕಾವಲುಗಾರರ ಕಣ್ತಪ್ಪಿಸಿ ರಾತ್ರೋರಾತ್ರಿ ಗಡಿ ದಾಟಿ, ‘ಥೆಟಿಸ್’ ಎಂಬ ಸಣ್ಣ ಹಡಗು ಹತ್ತಿದ. ಸುಮಾರು ಒಂದು ವಾರದಲ್ಲಿ ಲಂಡನ್ ಸೇರಬೇಕಾಗಿದ್ದ ಹಡಗು ಬಿರುಗಾಳಿಗೆ ಸಿಕ್ಕಿ, ನಾರ್ವೆಯ ಕಡಲಚಾಚಿನಲ್ಲಿ ಆಸರೆ ಪಡೆದು, ಮೂರು ವಾರಕ್ಕೂ ಹೆಚ್ಚು ಕಾಲ ತೆಗೆದುಕೊಂಡಿತು. ಅಲ್ಲಿಂದ ಫ್ರಾನ್ಸಿನ ಬುಲೋನ್ ಊರಿಗೆ ಬಂದಾಗ, ಆ ಕಾಲದ ಒಪೆರಾ ಜಗತ್ತಿನ ಚಕ್ರವರ್ತಿಯಂತಿದ್ದ ಜಾಕೊಮೊ ಮೆಯರ್‌ಬೀರ್ ಅಲ್ಲೇ ತಂಗಿದ್ದ. ಅಪರಿಚಿತ ತರುಣನ ಅರೆಬರೆ ಒಪೆರಾವನ್ನು ಆತ ಕಿವಿಗೊಟ್ಟು ಕೇಳಿ ಪರಿಚಯ ಪತ್ರಗಳನ್ನು ಬರೆದುಕೊಟ್ಟ. ಸೆಪ್ಟೆಂಬರ್ 17ರಂದು ವಾಗ್ನರ್ ಪ್ಯಾರಿಸ್ ಪ್ರವೇಶಿಸಿದ.

ಪರಿಚಯ ಪತ್ರಗಳಿಂದ ಬಾಗಿಲು ತೆರೆಯುತ್ತಿದ್ದವು. ಒಳಗೆ ಮಾತ್ರ ಯಾರೂ ಕೂರಿಸುತ್ತಿರಲಿಲ್ಲ. ಒಂದು ನಾಟಕಶಾಲೆ ಆತನ ಹಳೆಯ ಒಪೆರಾವೊಂದನ್ನು ಆಡಲು ಒಪ್ಪಿತು. ಆ ಭರವಸೆಯಲ್ಲಿ ವಾಗ್ನರ್ ದುಬಾರಿ ಬಾಡಿಗೆಯ ಮನೆಗೆ ಸಾಮಾನು ಸಾಗಿಸಿದ್ದೇ ತಡ, ನಾಟಕಶಾಲೆ ದಿವಾಳಿಯೆದ್ದಿತು. 1840ರ ಅಕ್ಟೋಬರ್‌ನಲ್ಲಿ ಮಿನ್ನಾ ಹಳೆಯ ಗೆಳೆಯನೊಬ್ಬನಿಗೆ ಪತ್ರ ಬರೆದು, ಗಂಡನನ್ನು ಸಾಲದ ಸೆರೆಮನೆಗೆ ಒಯ್ದರೆಂದು ಹೇಳಿ ಹಣ ಬೇಡಿದಳು. ಆತ ನಿಜವಾಗಿ ಸೆರೆಯಲ್ಲಿದ್ದನೋ ಅಥವಾ ಇದು ಗೆಳೆಯನ ಮನ ಕರಗಿಸುವ ಉಪಾಯವೋ ಎಂದು ವಿದ್ವಾಂಸರಲ್ಲಿ ವಾದವಿದೆ. ಎರಡರಲ್ಲಿ ಯಾವುದು ನಿಜವಾದರೂ ಮನೆಯ ಸ್ಥಿತಿ ಏನಿತ್ತೆಂಬುದು ತಿಳಿದೇ ತಿಳಿಯುತ್ತದೆ.

ಇಲ್ಲಿ ಕತೆಯೊಳಗೆ ಬರುವವನು ಮೊರಿಸ್ ಶ್ಲೆಸಿಂಜರ್. ಸಂಗೀತ ಪುಸ್ತಕಗಳ ಪ್ರಕಾಶಕ, ಆರಂಭದಲ್ಲಿ ಹೇಳಿದ ಪತ್ರಿಕೆಯ ಒಡೆಯ. ಕವಿ ಹೈನೆಯ ‘ಇಬ್ಬರು ಸಿಪಾಯಿಗಳು’ ಕವಿತೆಯ ಫ್ರೆಂಚ್ ಅನುವಾದಕ್ಕೆ ವಾಗ್ನರ್ ರಾಗ ಕೂಡಿಸಿದ್ದ. ಅದನ್ನು ಶ್ಲೆಸಿಂಜರ್ ಅಚ್ಚು ಹಾಕಿದ್ದು ಧರ್ಮಕ್ಕಲ್ಲ, ಖರ್ಚು ಬರೆದವನದೇ. ಹಾಡು ಮಾರಾಟವಾಗಲಿಲ್ಲ, ಐವತ್ತು ಫ್ರಾಂಕ್ ಬಾಕಿ ಉಳಿಯಿತು. ಕೈಯಲ್ಲಿ ಕಾಸಿಲ್ಲದವನಿಗೆ ಶ್ಲೆಸಿಂಜರ್ ಒಂದು ದಾರಿ ತೋರಿಸಿದ: ಪತ್ರಿಕೆಗೆ ಲೇಖನ ಬರೆದು ಸಾಲ ತೀರಿಸು. ಹೀಗೆ ವಾಗ್ನರ್ ಪತ್ರಕರ್ತನಾದದ್ದು ಅಚ್ಚಿನ ಖರ್ಚಿನ ಬಾಕಿಯಿಂದ. ಫ್ರೆಂಚ್‌ನಲ್ಲಿ ಬರೆಯುವಷ್ಟು ಹಿಡಿತ ಆತನಿಗಿರಲಿಲ್ಲ. ಜರ್ಮನ್‌ನಲ್ಲಿ ಬರೆದುಕೊಟ್ಟದ್ದನ್ನು ಇನ್ನೊಬ್ಬರು ಅನುವಾದಿಸಬೇಕು. ಸಂಭಾವನೆಯಲ್ಲಿ ಅರ್ಧ ಅನುವಾದಕನ ಪಾಲು.

ಮೊದಲ ಲೇಖನ, 1840ರ ಜುಲೈನಲ್ಲಿ ಬಂದದ್ದು, ಜರ್ಮನ್ ಸಂಗೀತವನ್ನು ಕುರಿತದ್ದು. ಜರ್ಮನಿಯ ಸಣ್ಣ ಊರುಗಳಲ್ಲಿ ಅಪ್ಪ ಮಕ್ಕಳು, ಅಕ್ಕಪಕ್ಕದವರು ಚಳಿಗಾಲದ ಸಂಜೆ ಕೋಣೆಯಲ್ಲಿ ಕೂತು, ಕೇಳುವವರು ಯಾರೂ ಇಲ್ಲದಿದ್ದರೂ ತಮಗಾಗಿಯೇ ನುಡಿಸಿಕೊಳ್ಳುತ್ತಾರೆ, ಅವರಿಗೆ ಚಪ್ಪಾಳೆ ಬೇಕಿಲ್ಲ ಎಂದು ಪ್ಯಾರಿಸ್ಸಿನವರಿಗೆ ವಿವರಿಸುತ್ತಾನೆ. ತೌರು ನೆನೆದ ಸೊಸೆಯ ಮಾತಿನಂತಿದೆ ಅದು. ತಾಯ್ನಾಡಿನಲ್ಲಿದ್ದಾಗ ಜರ್ಮನ್ನರನ್ನು ಗೇಲಿ ಮಾಡಿದವನು ಪರದೇಶದ ಬೀದಿಯಲ್ಲಿ ನಿಂತು ಅವರನ್ನು ಕೊಂಡಾಡುತ್ತಿದ್ದ.

ಇನ್ನು ‘ಬೀಥೋವನ್ ಭೇಟಿ’. ಜರ್ಮನ್ ಮೂಲದಲ್ಲಿ ಇದರ ಹೆಸರು ‘ಬೀಥೋವನ್ ಬಳಿಗೆ ಯಾತ್ರೆ’. ನಾಯಕ ಮಧ್ಯ ಜರ್ಮನಿಯ ಒಂದು ಊರಿನ ತರುಣ. ಒಂದು ಸಂಜೆ ಬೀಥೋವನನ ಸಿಂಫನಿ ಕೇಳಿ ಜ್ವರ ಬಂದು ಮಲಗುತ್ತಾನೆ, ಏಳುವಾಗ ಸಂಗೀತಗಾರನಾಗಿರುತ್ತಾನೆ. ವಿಯೆನ್ನಾಕ್ಕೆ ಹೋಗಲು ಹಣ ಬೇಕು. ತಾನು ಬರೆದ ಸೊನಾಟಾಗಳನ್ನು ಪ್ರಕಾಶಕನ ಬಳಿ ಒಯ್ದರೆ, ಮೊದಲು ಕುಣಿತಕ್ಕೆ ಒದಗುವ ಗ್ಯಾಲಪ್‌ಗಳನ್ನು ಬರೆದು ಹೆಸರು ಮಾಡು, ಆಮೇಲೆ ನೋಡೋಣ ಎನ್ನುತ್ತಾನೆ ಆತ. ಹುಡುಗ ಮೈ ಹೇಸಿಕೊಂಡೇ ಗ್ಯಾಲಪ್ ಬರೆಯುತ್ತಾನೆ. ಇದನ್ನು ಓದುವಾಗ ಲೇಖಕನ ಸ್ವಂತ ಮೇಜಿನ ಮೇಲೆ ಏನಿತ್ತೆಂದು ತಿಳಿದಿರುವುದು ಒಳ್ಳೆಯದು. ಜನಪ್ರಿಯ ಒಪೆರಾ ಹಾಡುಗಳನ್ನು ಕಾರ್ನೆಟ್ ಎಂಬ ಊದುವಾದ್ಯಕ್ಕೆ ಹೊಂದಿಸಿಕೊಡುವ ಕೆಲಸವನ್ನು ಶ್ಲೆಸಿಂಜರ್ ಆತನಿಗೆ ವಹಿಸಿದ್ದ. ಆ ವಾದ್ಯದ ಹದ ತಿಳಿಯದೆ ಹೊಂದಿಸಿಟ್ಟದ್ದು ಬಲ್ಲವರ ಕಣ್ಣಿಗೆ ಬಿದ್ದಾಗ ಪ್ರಯೋಜನಕ್ಕೆ ಬಾರದೆಂದು ಕಂಡಿತು. ಮುಂದೆ ಡೊನಿಜೆಟ್ಟಿಯ ‘ಲಾ ಫಾವೊರಿಟ್’ ಒಪೆರಾವನ್ನು ಪಿಯಾನೊ ಮುಂತಾದ ವಾದ್ಯಗಳಿಗೆ ಇಳಿಸಿಕೊಡುವ ಕೂಲಿಗೆ 1,100 ಫ್ರಾಂಕ್ ಗೊತ್ತಾಯಿತು. ಪರರ ಹಾಡನ್ನು ಸಾಲುಸಾಲಾಗಿ ನಕಲು ಮಾಡುತ್ತಾ ಚಳಿಗಾಲ ಕಳೆಯಿತು.

ಕತೆಯ ಹುಡುಗ ನಡೆದು ಹೊರಟ ದಾರಿಯಲ್ಲಿ ಒಬ್ಬ ಸಿರಿವಂತ ಇಂಗ್ಲಿಷನವನು ಗಂಟುಬೀಳುತ್ತಾನೆ. ಅವನೂ ಬೀಥೋವನನ್ನು ನೋಡಲು ಹೊರಟವನೇ, ಆದರೆ ಗಾಡಿಯಲ್ಲಿ. ಮರದಡಿ ಕೂತ ಅಲೆಮಾರಿ ವಾದ್ಯಗಾರರು ಬೀಥೋವನನ ಸಪ್ತವಾದ್ಯದ ಕೃತಿಯೊಂದನ್ನು ತಮ್ಮ ಸಂತೋಷಕ್ಕೆ ನುಡಿಸುತ್ತಿರುತ್ತಾರೆ. ಸಿರಿವಂತರ ಮನೆಗಳಲ್ಲಿ ಕುಣಿತದ ಹಾಡು, ತಮಗಾಗಿ ಬೀಥೋವನ್! ಹುಡುಗ ಪಿಟೀಲು ಹಿಡಿದು ಅವರೊಡನೆ ಸೇರಿಕೊಂಡಾಗ, ಇಂಗ್ಲಿಷನವನು ಚಿನ್ನದ ನಾಣ್ಯ ಎಸೆಯುತ್ತಾನೆ. ವಿಯೆನ್ನಾದಲ್ಲೂ ಅವನ ಕಾಟ ತಪ್ಪುವುದಿಲ್ಲ. ಅದೇ ಹೋಟೆಲು, ಅದೇ ಬೀದಿ. ಹುಡುಗನನ್ನು ಈ ಪೀಡೆಯ ಜೊತೆಗಾರನೆಂದು ತಿಳಿದು ಬೀಥೋವನ್ ತಪ್ಪಿಸಿಕೊಳ್ಳುತ್ತಾನೆ. ಕೊನೆಗೆ ಪತ್ರ ಬರೆದು ಒಪ್ಪಿಗೆ ಪಡೆದು ಹೋದರೆ, ಇಂಗ್ಲಿಷನೂ ಹಿಂದೆಯೇ ಒಳಗೆ ನುಗ್ಗುತ್ತಾನೆ. ಅವನು ಬಂದದ್ದು ತಾನು ಬರೆದ ಸಂಗೀತವನ್ನು ತಿದ್ದಿಸಿಕೊಳ್ಳಲು. ಈ ಭಾಗದ ಹಾಸ್ಯ ಇಂದಿಗೂ ಹಳಸಿಲ್ಲ.

ಆ ಮೇಲೆ ಬರುವುದು ಕತೆಯ ತಿರುಳು. ಇಂಗ್ಲಿಷನವನು ತೊಲಗಿದ ಮೇಲೆ ಬೀಥೋವನ್ ಆ ಹುಡುಗನೊಡನೆ ಮನಸ್ಸು ಬಿಚ್ಚಿ ಮಾತಾಡುತ್ತಾನೆ. ಇಲ್ಲಿ ಸ್ವಲ್ಪ ವಿವರಣೆ ಬೇಕು. ಆ ಕಾಲದ ಒಪೆರಾ ಎಂದರೆ ಬಿಡಿ ಹಾಡುಗಳ ಸರ. ಒಬ್ಬರೇ ಹಾಡುವ ಏರಿಯಾ, ಇಬ್ಬರ ಯುಗಳಗೀತೆ, ಮೂವರದು, ಆಮೇಲೆ ವೃಂದಗಾನ. ನಮ್ಮ ಸಂಗೀತ ನಾಟಕಗಳಲ್ಲಿ ರಂಗಗೀತೆಗೆ ‘ಒನ್ಸ್ ಮೋರ್’ ಬಿದ್ದಾಗ ಸತ್ತ ಪಾತ್ರವೂ ಎದ್ದು ಮತ್ತೆ ಹಾಡುತ್ತಿತ್ತೆಂದು ಹಿರಿಯರು ಹೇಳುವುದನ್ನು ಕೇಳಿದವರಿಗೆ ಇದರ ಹದ ತಿಳಿದೀತು. ಹಾಡಿಗಾಗಿ ಕತೆ ನಿಲ್ಲುತ್ತದೆ, ಗಾಯಕಿಯ ಕಂಠಕ್ಕಾಗಿ ಹಾಡು ಬೆಳೆಯುತ್ತದೆ. ವಾಗ್ನರನ ಬೀಥೋವನ್ ಇದನ್ನೆಲ್ಲ ಹರಿದ ಚಿಂದಿ ಸೇರಿಸಿ ಹೊಲಿದ ಬಟ್ಟೆಯಂತೆ ಕಾಣುತ್ತಾನೆ. ತನ್ನ ಮನಸ್ಸಿನಂತೆ ಒಪೆರಾ ಬರೆದರೆ ಅದರಲ್ಲಿ ಇಂಥ ಬಿಡಿ ಹಾಡುಗಳೇ ಇರುವುದಿಲ್ಲ, ಜನ ಎದ್ದು ಓಡಿಹೋಗುತ್ತಾರೆ ಎನ್ನುತ್ತಾನೆ. ವಾದ್ಯಗಳಲ್ಲಿ ಪ್ರಕೃತಿಯ ಆದಿಮ ದನಿಯಿದೆ, ಮನುಷ್ಯಕಂಠದಲ್ಲಿ ಹೃದಯವಿದೆ, ಇವೆರಡನ್ನೂ ಒಂದುಗೂಡಿಸಬೇಕು ಎನ್ನುತ್ತಾನೆ. ತಾನೀಗ ಬರೆಯುತ್ತಿರುವ, ಕೊನೆಯಲ್ಲಿ ಗಾಯಕರು ಬರುವ ಸಿಂಫನಿಯ ಮಾತನ್ನೂ ತೆಗೆಯುತ್ತಾನೆ. ಅದೇ ಒಂಬತ್ತನೆಯ ಸಿಂಫನಿ.

ನಿಜವಾದ ಬೀಥೋವನ್ ಹೀಗೆಲ್ಲ ಹೇಳಿದನೆನ್ನಲು ಆಧಾರವಿಲ್ಲ. ಇದು ವಾಗ್ನರನದೇ ಮಾತು. ಒಂಬತ್ತನೆಯ ಸಿಂಫನಿಯನ್ನು ಹದಿನೇಳರ ಹರೆಯದಲ್ಲೇ ಆತ ಪಿಯಾನೊಗೆ ಇಳಿಸಿದ್ದ, ಪ್ರಕಾಶಕರು ಬೇಡವೆಂದಿದ್ದರು. ಪ್ಯಾರಿಸ್ಸಿನಲ್ಲಿ ಆತನಿಗೆ ಗೆಳೆಯನಾದ ಗಾಟ್‌ಫ್ರೀಡ್ ಆ್ಯಂಡರ್ಸ್ ಎಂಬ ಬಡ ಗ್ರಂಥಪಾಲಕ ಬೀಥೋವನನ ಜೀವನಚರಿತ್ರೆಗಾಗಿ ಸಾಮಗ್ರಿ ಕಲೆಹಾಕಿಟ್ಟಿದ್ದ. ಇಬ್ಬರೂ ಸೇರಿ ಪುಸ್ತಕ ಬರೆಯುವ ಯೋಜನೆ ಹಾಕಿದರು, ಪ್ರಕಾಶಕರು ಸಿಗಲಿಲ್ಲ.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಈ ಕತೆ ಅಚ್ಚಾಗುತ್ತಿದ್ದ ಅದೇ ನವೆಂಬರ್‌ನಲ್ಲಿ ವಾಗ್ನರ್ ತನ್ನ ‘ರಿಯೆಂಜಿ’ ಒಪೆರಾವನ್ನು ಬರೆದು ಮುಗಿಸಿದ. ಅದು ಎಂಥದು? ಐದು ಅಂಕ, ಮೆರವಣಿಗೆ, ನೃತ್ಯ, ಕಹಳೆ, ಏರಿಯಾ, ಯುಗಳಗೀತೆ, ಕೊನೆಗೆ ಕುಸಿದು ಬೀಳುವ ಅರಮನೆ. ಪ್ಯಾರಿಸ್ಸಿನವರ ರುಚಿಗೆ, ಮೆಯರ್‌ಬೀರನ ಮಾದರಿಯಲ್ಲಿ ಎರಕ ಹೊಯ್ದದ್ದು. ತನ್ನ ಕತೆಯ ಬೀಥೋವನ್ ಯಾವುದನ್ನು ಚಿಂದಿ ಎಂದನೋ ಅದನ್ನೇ ಲೇಖಕ ಅದೇ ಮೇಜಿನ ಮೇಲೆ ಹೊಲಿಯುತ್ತಿದ್ದ. ಲೇಖನಿಗೆ ತಿಳಿದದ್ದು ಇನ್ನೂ ಸಂಗೀತಕ್ಕೆ ತಿಳಿದಿರಲಿಲ್ಲ. ಕತೆಯ ಬೀಥೋವನ್ ಹೇಳಿದ್ದನ್ನು ವಾಗ್ನರ್ ಶಾಸ್ತ್ರವಾಗಿ ಬರೆಯಲು, ಅಂದರೆ ‘ಒಪೆರಾ ಮತ್ತು ನಾಟಕ’ ಎಂಬ ದಪ್ಪ ಪುಸ್ತಕ ಮುಗಿಸಲು, ಇನ್ನೂ ಹತ್ತು ವರ್ಷ ಹಿಡಿಯಿತು. ಅದನ್ನು ಸಂಗೀತವಾಗಿ ಪೂರ್ತಿ ಕೇಳಿಸಲು ಇನ್ನೂ ಹೆಚ್ಚು. ನನ್ನನ್ನು ಕೇಳಿದರೆ, ಆ ದಪ್ಪ ಪುಸ್ತಕಕ್ಕಿಂತ ಈ ಸಣ್ಣ ಕತೆಯಲ್ಲೇ ಮಾತು ಹೆಚ್ಚು ಸ್ಪಷ್ಟವಾಗಿದೆ. ಕಿವುಡ ಮುದುಕನೊಬ್ಬ ಬಡ ಹುಡುಗನಿಗೆ ಹೇಳುವಾಗ ಮಾತು ಚಿಕ್ಕದಾಗಲೇಬೇಕು.

ಕತೆಯಲ್ಲಿ ಸಣ್ಣದಾಗಿ ಬಂದುಹೋಗುವ ಒಂದು ಹೆಸರನ್ನೂ ಹೇಳಬೇಕು. ಹುಡುಗ ವಿಯೆನ್ನಾದಲ್ಲಿ ಬೀಥೋವನನ ‘ಫಿಡೆಲಿಯೊ’ ನೋಡಿದಾಗ ನಾಯಕಿಯ ಪಾತ್ರದಲ್ಲಿ ಇನ್ನೂ ಹದಿಹರೆಯದ ವಿಲ್ಹೆಲ್ಮೀನ್ ಶ್ರೋಡರ್ ಹಾಡುತ್ತಾಳೆ. ಇದು ಕಲ್ಪನೆಯಲ್ಲ, 1822ರಲ್ಲಿ ಆಕೆ ಅಲ್ಲಿ ಆ ಪಾತ್ರ ವಹಿಸಿದ್ದಳು. ಕತೆ ಬರೆದ ಎರಡು ವರ್ಷಗಳಲ್ಲಿ ಆ ಗಾಯಕಿಯೇ ಡ್ರೆಸ್ಡನ್ ನಗರದಲ್ಲಿ ವಾಗ್ನರನ ಒಪೆರಾಗಳಲ್ಲಿ ಹಾಡಿದಳು.

ಕತೆ ಜನರಿಗೆ ಹಿಡಿಸಿತು, ಶ್ಲೆಸಿಂಜರನಿಗೂ ಹಿಡಿಸಿತು. 1841ರ ಜನವರಿ ಕೊನೆಯಲ್ಲಿ ಮುಂದಿನ ಕತೆ ಶುರುವಾಯಿತು: ‘ಪ್ಯಾರಿಸ್ಸಿನಲ್ಲೊಂದು ಅಂತ್ಯ’. ಬೀಥೋವನನ್ನು ಕಂಡು ಬಂದ ಅದೇ ಸಂಗೀತಗಾರ ಈಗ ‘ಆರ್’ ಎಂಬ ಒಂಟಿ ಅಕ್ಷರವಾಗಿ ಪ್ಯಾರಿಸ್ಸಿಗೆ ಬರುತ್ತಾನೆ. ಜೊತೆಗೆ ಒಂದು ಚೆಂದದ ದೊಡ್ಡ ನಾಯಿ. ಪ್ರತಿಭೆಯಿದ್ದರೆ ಪ್ಯಾರಿಸ್ ತಾನಾಗಿ ಒಲಿಯುತ್ತದೆಂಬ ನಂಬಿಕೆ. ಊರಿನ ನೀರು ಕುಡಿದ ಗೆಳೆಯನೊಬ್ಬ ಎಚ್ಚರಿಸುತ್ತಾನೆ. ಇವನು ಸಿಟ್ಟಾಗಿ ಹೊರಟುಹೋಗುತ್ತಾನೆ. ವರ್ಷ ಕಳೆದ ಮೇಲೆ ಗೆಳೆಯ ಇವನನ್ನು ಕಾಣುವುದು ಮೋಂಮಾರ್ತ್ರ್ ಬೆಟ್ಟದ ಒಂದು ಕೋಣೆಯಲ್ಲಿ, ಸಾಯುವ ಹಾಸಿಗೆಯ ಮೇಲೆ. ನಡುವೆ ಏನಾಯಿತು? ದೊಡ್ಡವರ ಹಜಾರಗಳಲ್ಲಿ ಕಾದದ್ದು, ನಾಳೆ ಬಾ ಎನ್ನಿಸಿಕೊಂಡದ್ದು, ಕೊನೆಗೆ ಹಸಿವು. ನಾಯಿಯೂ ಕಳೆದುಹೋಗಿ ಅದೇ ಹಳೆಯ ಇಂಗ್ಲಿಷನವನ ಪಾಲಾಗಿತ್ತು. ಸಾಯುವ ಮುನ್ನ ಆತ ಕ್ರೈಸ್ತರು ಚರ್ಚಿನಲ್ಲಿ ಹೇಳುವ ವಿಶ್ವಾಸ ಪ್ರಮಾಣದ ಮಾದರಿಯಲ್ಲೇ ತನ್ನ ಪ್ರಮಾಣವನ್ನು ಹೇಳುತ್ತಾನೆ. ದೇವರ ಪಕ್ಕದಲ್ಲಿ ಮೊಜಾರ್ಟ್ ಮತ್ತು ಬೀಥೋವನ್‌ರ ಹೆಸರಿರುತ್ತದೆ. ಯೂರೋಪಿನ ಸಂಗೀತಪ್ರಿಯರು ಮುಂದೆ ಮತ್ತೆ ಮತ್ತೆ ನೆನೆದ ಭಾಗ ಇದು. ಇಲ್ಲಿ ಸ್ವಲ್ಪ ನಾಟಕೀಯತೆ ಹೆಚ್ಚಾಯಿತೆಂದು ನನಗೆ ಅನ್ನಿಸುತ್ತದೆ. ಆದರೆ ಹಜಾರದಲ್ಲಿ ಕಾಯುವ ದೃಶ್ಯಗಳಲ್ಲಿ ಒಂದು ಮಾತೂ ಹೆಚ್ಚಿಲ್ಲ. ಅವು ಅನುಭವಿಸಿದವನ ಮಾತು.

ಆ ನಾಯಿ ಕಲ್ಪನೆಯದಲ್ಲ. ರೀಗಾದಿಂದ ಕಡಲು ದಾಟಿ ಬಂದ ರಾಬರ್ ಪ್ಯಾರಿಸ್ಸಿನಲ್ಲಿ ಕಾಣೆಯಾಗಿತ್ತು. ಬಹಳ ದಿನದ ಮೇಲೆ ಮಂಜು ಕವಿದ ಒಂದು ಬೆಳಿಗ್ಗೆ ವಾಗ್ನರ್ ಅದನ್ನು ಬೀದಿಯಲ್ಲಿ ಕಂಡ. ಹೆಸರು ಹಿಡಿದು ಕೂಗಿದ. ನಾಯಿ ಗುರುತು ಹಿಡಿದಂತೆ ನಿಂತು, ಹತ್ತಿರ ಹೋದೊಡನೆ ಓಡಿತು. ಹಿಂದೆಯೇ ಓಡಿದವನಿಗೆ ಸೇಂಟ್ ರೋಶ್ ಚರ್ಚಿನ ಬಳಿ ಅದು ಮಂಜಿನಲ್ಲಿ ಮರೆಯಾಯಿತು, ಮತ್ತೆ ಸಿಗಲಿಲ್ಲ. ಈ ಪ್ರಸಂಗವನ್ನು ಆತ ತನ್ನ ಆತ್ಮಕತೆಯಲ್ಲಿ ಅಪಶಕುನದಂತೆ ನೆನೆಯುತ್ತಾನೆ. ಬಂಗಲೆಗಳಲ್ಲಿ ಬಾಳಿದ ಕಾಲದಲ್ಲೂ ಆ ನಾಯಿಯನ್ನು ಮರೆತಿರಲಿಲ್ಲ.

ಇದೇ ಕಾಲದ ಉಳಿದ ಬರಹಗಳನ್ನು ಬೇಗ ನೋಡಿಬಿಡಬಹುದು. ಡ್ರೆಸ್ಡನ್‌ನ ‘ಅಬೆಂಡ್ ಜೈಟುಂಗ್’ ಪತ್ರಿಕೆಗೆ ಪ್ಯಾರಿಸ್ಸಿನ ಸುದ್ದಿಗಳನ್ನು ಬರೆದ. ಅದರ ಸಂಪಾದಕ ವಿಂಕ್ಲರ್ ಡ್ರೆಸ್ಡನ್ ನಾಟಕಶಾಲೆಯ ಕಾರ್ಯದರ್ಶಿಯೂ ಆಗಿದ್ದ, ‘ರಿಯೆಂಜಿ’ ಅಲ್ಲಿ ರಂಗವೇರಬೇಕಿತ್ತು ಎಂಬುದನ್ನು ಸೇರಿಸಿದರೆ ಆ ಸುದ್ದಿಪತ್ರಗಳ ಉತ್ಸಾಹ ಅರ್ಥವಾಗುತ್ತದೆ. ವೆಬರನ ‘ಫ್ರೈಶ್ಯುಟ್ಸ್’ 1841ರಲ್ಲಿ ಪ್ಯಾರಿಸ್ಸಿನ ದೊಡ್ಡ ಒಪೆರಾ ಮಂದಿರದ ಪದ್ಧತಿಗೆ ತಕ್ಕಂತೆ ಮಾರ್ಪಾಡಾಗಿ ಬಂದಾಗ, ಜರ್ಮನ್ ಕಾಡಿನ ಕತೆಯನ್ನು ಪ್ಯಾರಿಸ್ಸಿನವರಿಗೆ ಮೊದಲೇ ವಿವರಿಸಿ ಒಂದು ಲೇಖನ, ಅವರು ಅದನ್ನು ಹೇಗೆ ಕೆಡಿಸಿದರೆಂದು ಜರ್ಮನ್ನರಿಗೆ ದೂರಿ ಇನ್ನೊಂದು. ರೊಸಿನಿಯ ‘ಸ್ಟಾಬಾಟ್ ಮಾಟರ್’ ಎಂಬ ಭಕ್ತಿಕೃತಿಗಾಗಿ ಪ್ರಕಾಶಕರು ಕೋರ್ಟು ಕಚೇರಿ ಹತ್ತಿದ್ದನ್ನು ಗೇಲಿ ಮಾಡಿದ ಲೇಖನ ಶೂಮನ್ ನಡೆಸುತ್ತಿದ್ದ ಪತ್ರಿಕೆಯಲ್ಲಿ ಬಂತು, ವ್ಯಾಲೆಂಟಿನೊ ಎಂಬ ಹುಸಿಹೆಸರಿನಲ್ಲಿ.

ಬರವಣಿಗೆಯಿಂದ ಬಂದ ದೊಡ್ಡ ಗಂಟು ಎಂದರೆ 500 ಫ್ರಾಂಕ್. ಅದು ಲೇಖನಕ್ಕೆ ಬಂದದ್ದಲ್ಲ. ದಡ ಸೇರದೆ ಕಡಲಲ್ಲೇ ಅಲೆಯುವ ಶಾಪಗ್ರಸ್ತ ನಾವಿಕನ ಕತೆ, ‘ಫ್ಲೈಯಿಂಗ್ ಡಚ್‌ಮನ್’, ಹೈನೆಯ ಬರಹದಿಂದ ವಾಗ್ನರನ ಮನಸ್ಸು ಹೊಕ್ಕಿತ್ತು. ‘ಥೆಟಿಸ್’ ಹಡಗಿನ ಬಿರುಗಾಳಿ ಅದಕ್ಕೆ ಜೀವ ಕೊಟ್ಟಿತ್ತು. ಅದರ ಕಥಾಹಂದರವನ್ನು ಪ್ಯಾರಿಸ್ ಒಪೆರಾದ ನಿರ್ದೇಶಕನಿಗೆ ಒಪ್ಪಿಸಿದ, ಸಂಗೀತ ಬರೆಯುವ ಅವಕಾಶ ಸಿಕ್ಕೀತೆಂಬ ಆಸೆಯಿಂದ. ಆತ ಕತೆ ಚೆನ್ನಾಗಿದೆ, ಮಾರಿಬಿಡು, ಸಂಗೀತ ಬೇರೆಯವರು ಬರೆಯುತ್ತಾರೆ ಎಂದ. 1841ರ ಜುಲೈನಲ್ಲಿ ವಾಗ್ನರ್ ಮಾರಿದ. ಬಂದ ಹಣದಲ್ಲಿ ಊರ ಹೊರಗಿನ ಮ್ಯುದೋನ್‌ನಲ್ಲಿ ತಾನಿದ್ದ ಮನೆಗೆ ಪಿಯಾನೊ ಬಾಡಿಗೆಗೆ ತರಿಸಿ, ಅದೇ ಕತೆಗೆ ತಾನೂ ಸಂಗೀತ ಬರೆಯಲು ಕೂತ. ಏಳು ವಾರದಲ್ಲಿ ಕರಡು ಮುಗಿಯಿತು. ವಾಗ್ನರ್ ವಾಗ್ನರನಾದದ್ದು ಈ ಕೃತಿಯಿಂದ ಎಂದು ಬಲ್ಲವರು ಹೇಳುತ್ತಾರೆ. ಆ ದಿನಗಳಲ್ಲಿ ಆತ ಕೂಲಿ ಬರಹವನ್ನು ಬದಿಗಿಟ್ಟಿದ್ದ. ಕತೆಯ ಬೀಥೋವನ್ ಹೇಳಿದ್ದು ಮೊದಲ ಬಾರಿಗೆ ಸ್ವಲ್ಪ ಮಟ್ಟಿಗೆ ಸಂಗೀತದಲ್ಲಿ ಕೇಳಿಸಿತು. ಪ್ಯಾರಿಸ್ ಒಪೆರಾಕ್ಕಾಗಿ ಆ ನಾವಿಕನ ಕತೆಗೆ ಸಂಗೀತ ಬರೆದವನು ಡೀಟ್ಶ್. 1842ರಲ್ಲಿ ಆಡಿದ ಆ ಒಪೆರಾ ಬೇಗ ಮರೆಯಾಯಿತು. ಹತ್ತೊಂಬತ್ತು ವರ್ಷದ ಮೇಲೆ, 1861ರಲ್ಲಿ, ವಾಗ್ನರನ ‘ಟಾನ್‌ಹಾಯ್ಸರ್’ ಪ್ಯಾರಿಸ್ಸಿನಲ್ಲಿ ಸೀಟಿ, ಕೂಗಾಟಗಳ ನಡುವೆ ನೆಲಕಚ್ಚಿದಾಗ ವಾದ್ಯವೃಂದದ ಮುಂದೆ ಕೋಲು ಹಿಡಿದು ನಿಂತಿದ್ದವನು ಇದೇ ಡೀಟ್ಶ್.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಬಡತನವನ್ನು ಗೆದ್ದ ಪ್ರತಿಭೆಯ ಕತೆಯಾಗುತ್ತದೆ. ಪೂರ್ತಿ ನಿಜ ಹಾಗಿಲ್ಲ. ಎರಡೂ ಕತೆಗಳಲ್ಲಿ ಬರುವ ಆ ಇಂಗ್ಲಿಷನವನನ್ನು ಇನ್ನೊಮ್ಮೆ ನೋಡಬೇಕು. ಅವನು ಕೆಟ್ಟವನಲ್ಲ. ಹಣವಿದೆ, ಕಿವಿಯಿಲ್ಲ, ಅಷ್ಟೆ. ಆದರೆ ನಾಯಕನಿಗೆ ಬರುವ ಪ್ರತಿಯೊಂದು ತೊಂದರೆಯ ಹಿಂದೆಯೂ ಅವನೇ ಇರುತ್ತಾನೆ. ದರ್ಶನಕ್ಕೆ ಅಡ್ಡಿ ಅವನು, ನಾಯಿ ಹೋದದ್ದು ಅವನ ಪಾಲಿಗೆ. ನನ್ನ ಸೋಲಿಗೆ ಹೊರಗಿನವನೊಬ್ಬ ಕಾರಣ ಎಂಬ ಲೆಕ್ಕ ಇಲ್ಲಿ ನಗೆಯ ವೇಷದಲ್ಲಿದೆ. ವೇಷ ಕಳಚಲು ಹತ್ತು ವರ್ಷ ಸಾಕಾಯಿತು.

ಪ್ಯಾರಿಸ್ಸಿನಲ್ಲಿ ಆತನಿಗೆ ನೆರವಾದವರು ಯಾರು? ಮೆಯರ್‌ಬೀರ್ 1841ರ ಮಾರ್ಚ್‌ನಲ್ಲಿ ಡ್ರೆಸ್ಡನ್‌ಗೆ ಬರೆದ ಶಿಫಾರಸು ಪತ್ರ ‘ರಿಯೆಂಜಿ’ಯ ಸ್ವೀಕಾರಕ್ಕೆ ಬಲ ಕೊಟ್ಟಿತು. ಆ ವರ್ಷಗಳಲ್ಲಿ ವಾಗ್ನರ್ ಆತನಿಗೆ ಬರೆದ ಪತ್ರಗಳು ಗುಲಾಮನ ಧಾಟಿಯವು, ಓದುವವರಿಗೇ ನಾಚಿಕೆಯಾಗುತ್ತದೆ. ಸಾಲ ತೀರಿಸಲು ಬರವಣಿಗೆ ಕೊಟ್ಟವನು ಶ್ಲೆಸಿಂಜರ್. ನಾವಿಕನ ಕತೆ ಒದಗಿಸಿದವನು ಹೈನೆ. ಮೂವರೂ ಯೆಹೂದಿ ಮನೆತನಗಳಲ್ಲಿ ಹುಟ್ಟಿದವರು. 1850ರಲ್ಲಿ ವಾಗ್ನರ್ ಹುಸಿಹೆಸರಿನಲ್ಲಿ ‘ಸಂಗೀತದಲ್ಲಿ ಯೆಹೂದಿತನ’ ಎಂಬ ಲೇಖನ ಪ್ರಕಟಿಸಿ, ಯೆಹೂದಿಗೆ ನಿಜವಾದ ಸಂಗೀತವೇ ಹುಟ್ಟದೆಂದು ವಾದಿಸಿದ. ಮೆಯರ್‌ಬೀರನ ಹೆಸರು ಹೇಳದೆಯೇ ಆತನನ್ನು ಹಳಿದ. 1869ರಲ್ಲಿ ಅದನ್ನೇ ಇನ್ನಷ್ಟು ಬೆಳೆಸಿ ಸ್ವಂತ ಹೆಸರಿನಲ್ಲಿ ಅಚ್ಚುಮಾಡಿಸಿದ. ಆ ವೇಳೆಗೆ ಆತನಿಗೆ ದೊರೆಯ ಆಶ್ರಯವಿತ್ತು, ಕೀರ್ತಿಯಿತ್ತು. ಹಸಿವಿನ ನೆಪ ಉಳಿದಿರಲಿಲ್ಲ. ಬಡತನವೇ ಈ ದ್ವೇಷಕ್ಕೆ ಕಾರಣವೆಂದು ಕೆಲವರು ಮೆದುವಾಗಿ ಹೇಳುವುದುಂಟು. ಆದರೆ ಅದೇ ಪ್ಯಾರಿಸ್ಸಿನಲ್ಲಿ, ಅದೇ ಬಡತನದಲ್ಲಿ ಆತನ ಜೊತೆ ಹಸಿದಿದ್ದ ಬೇರೆಯವರೂ ಇದ್ದರು. ಅವರಲ್ಲೊಬ್ಬ ಸ್ಯಾಮ್ಯುಯೆಲ್ ಲೆರ್ಸ್.

ಲೆರ್ಸ್ ಗ್ರೀಕ್ ಭಾಷೆಯ ವಿದ್ವಾಂಸ, ಹುಟ್ಟಿನಿಂದ ಯೆಹೂದಿ, ಕ್ಷಯರೋಗಿ. ಪ್ರಕಾಶಕರಿಗಾಗಿ ಹಳೆಯ ಗ್ರಂಥಗಳನ್ನು ಸಂಪಾದಿಸಿ ಅರೆಹೊಟ್ಟೆಯಲ್ಲಿ ಬದುಕುತ್ತಿದ್ದ. ಆ ಚಳಿಗಾಲಗಳಲ್ಲಿ ವಾಗ್ನರನ ಮನೆಯ ಸಂಜೆಗಳಿಗೆ ತಪ್ಪದೆ ಬರುತ್ತಿದ್ದವರು ಲೆರ್ಸ್, ಆ್ಯಂಡರ್ಸ್ ಮತ್ತು ಕಿಟ್ಸ್ ಎಂಬ ಚಿತ್ರಕಾರ. ಟಾನ್‌ಹಾಯ್ಸರ್ ಮತ್ತು ಲೋಹೆನ್‌ಗ್ರಿನ್‌ರ ಹಳೆಯ ಕತೆಗಳಿದ್ದ ವಿದ್ವತ್ ಪ್ರಬಂಧವನ್ನು ತಂದುಕೊಟ್ಟು ವಾಗ್ನರನ ಮುಂದಿನ ಎರಡು ಒಪೆರಾಗಳಿಗೆ ಬೀಜ ಹಾಕಿದವನು ಲೆರ್ಸ್. ಆತನ ಸ್ನೇಹ ತನ್ನ ಬಾಳಿನ ಅತ್ಯಂತ ಒಳ್ಳೆಯ ಸ್ನೇಹಗಳಲ್ಲಿ ಒಂದೆಂದು ವಾಗ್ನರ್ ಆತ್ಮಕತೆಯಲ್ಲಿ ಒಪ್ಪಿಕೊಂಡಿದ್ದಾನೆ. ಯೆಹೂದಿಗಳ ಬಗ್ಗೆ ಬರೆದ ಲೇಖನದಲ್ಲಿ ಮಾತ್ರ ಇಂಥ ಒಬ್ಬನಿಗೆ ಜಾಗವಿರಲಿಲ್ಲ.

‘ಪ್ಯಾರಿಸ್ಸಿನಲ್ಲೊಂದು ಅಂತ್ಯ’ದ ಕೊನೆಗೆ ಬಡ ಸಂಗೀತಗಾರನ ಶವದ ಹಿಂದೆ ಕತೆ ಹೇಳುವ ಗೆಳೆಯನ ಜೊತೆ ನಡೆಯುವವರು ಇಬ್ಬರೇ. ಒಬ್ಬ ಭಾಷಾವಿದ್ವಾಂಸ, ಇನ್ನೊಬ್ಬ ಚಿತ್ರಕಾರ. ಹೆಸರಿಲ್ಲ. ವಾಗ್ನರನ ಮನೆಗೆ ಬರುತ್ತಿದ್ದವರನ್ನು ಬಲ್ಲವರಿಗೆ ಹೆಸರು ಬೇಕಾಗಲೂ ಇಲ್ಲ.

1842ರ ಏಪ್ರಿಲ್ 7ರಂದು ವಾಗ್ನರ್ ದಂಪತಿಗಳು ಪ್ಯಾರಿಸ್ ಬಿಟ್ಟರು. ಅಕ್ಟೋಬರ್ 20ರಂದು ಡ್ರೆಸ್ಡನ್‌ನಲ್ಲಿ ‘ರಿಯೆಂಜಿ’ ರಂಗವೇರಿತು. ಆರು ಗಂಟೆ ದಾಟಿ ನಡೆದ ಆ ಒಪೆರಾವನ್ನು ಜನ ಕದಲದೆ ಕೂತು ನೋಡಿದರು. ಮರುವರ್ಷ ಫೆಬ್ರವರಿಯಲ್ಲಿ ಆತ ಅಲ್ಲಿನ ಆಸ್ಥಾನದ ಸಂಗೀತ ನಿರ್ದೇಶಕನಾದ. ಅದೇ 1843ರ ವಸಂತದಲ್ಲಿ ಪ್ಯಾರಿಸ್ಸಿನಲ್ಲಿ ಲೆರ್ಸ್ ತೀರಿಕೊಂಡ.